ಇಡುಗಂಟು ಕರಗಬಾರದು, ತಿಂಗಳ ಖರ್ಚು ನಿಲ್ಲಬಾರದು

ಚಿಕ್ಕಪ್ಪ ಸಾರಿಗೆ ನಿಗಮದಲ್ಲಿ ಕಂಡಕ್ಟರ್ ಆಗಿದ್ದರು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಮುಂದಿನ ಎರಡು ತಿಂಗಳಲ್ಲಿ ಪಿಎಫ್, ಗ್ರ್ಯಾಚುಟಿ, ರಜೆ ನಗದೀಕರಣ ಎಲ್ಲ ಕೂಡಿ ಜನ್ಮದಲ್ಲಿ ಒಟ್ಟಿಗೆ ನೋಡಿರದಷ್ಟು ಹಣ ಪಾಸ್‌ಬುಕ್ಕಿನಲ್ಲಿ ಬಂದು ಕೂತಿತು. ಅದಾದ ವಾರದಿಂದಲೇ ಮನೆಗೆ ಬರುವವರ ಸಂಖ್ಯೆ ಹೆಚ್ಚಿತು. ವಿಮಾ ಏಜೆಂಟರು ಬಂದರು. ಬ್ಯಾಂಕಿನಿಂದ ಇದುವರೆಗೆ ಮಾತನಾಡಿಸದಿದ್ದ ಹುಡುಗನೊಬ್ಬ ‘ಅಂಕಲ್’ ಎನ್ನುತ್ತ ಬಂದ. ಕೊನೆಗೆ ಅದೇ ಬೀದಿಯ ಪರಿಚಯಸ್ಥರೊಬ್ಬರು ತಾವು ನಿರ್ದೇಶಕರಾಗಿದ್ದ ಪತ್ತಿನ ಸಂಘದ ರಸೀದಿ ಪುಸ್ತಕ ಹಿಡಿದು ಬಂದರು. ಬಡ್ಡಿ ಶೇ 11, ತಿಂಗಳು ತಿಂಗಳು ಕೈಗೆ. ಚಿಕ್ಕಪ್ಪ 6 ಲಕ್ಷ ಕೊಟ್ಟರು. ಹದಿನಾಲ್ಕು ತಿಂಗಳು ಬಡ್ಡಿ ತಪ್ಪದೆ ಬಂತು. ಹದಿನೈದನೇ ತಿಂಗಳು ಬರಲಿಲ್ಲ. ಆಮೇಲೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ, ಕಚೇರಿಯ ಬಾಗಿಲೂ ತೆರೆಯಲಿಲ್ಲ.

ಬಡ್ಡಿಯ ಮೇಲೆ ಬದುಕಬೇಕಾದವರಿಗಾಗಿ ಈ ಲೇಖನ ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಆ 6 ಲಕ್ಷ. ಚಿಕ್ಕಪ್ಪನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ದಿನವೂ ಸಾವಿರಾರು ಟಿಕೆಟ್ಟಿನ ಚಿಲ್ಲರೆ ತಾಳೆ ನೋಡಿದ ಮನುಷ್ಯ. ಆದರೆ ಅವರು ಮೊದಲು ಕೇಳಿದ ಪ್ರಶ್ನೆ ‘ಬಡ್ಡಿ ಎಷ್ಟು?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇತ್ತು: ಈ ಹಣವನ್ನು ವಾಪಸ್ ಕೊಡುವವರು ಯಾರು, ಅವರು ಕೊಡದಿದ್ದರೆ ಕೊಡಿಸುವವರು ಯಾರು, ನಡುವೆ ನನಗೆ ಬೇಕಾದರೆ ಯಾವ ಬೆಲೆಗೆ ಸಿಗುತ್ತದೆ.

ನಮ್ಮಲ್ಲಿ ಈ ಪ್ರಶ್ನೆಗಳು ಇನ್ನೂ ಹೆಚ್ಚಿನ ಮನೆಗಳಿಗೆ ಬರಲಿವೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ಎನ್‌ಪಿಎಸ್ ಬಂತು. ಕಾರ್ಖಾನೆ, ಸಾರಿಗೆ, ಖಾಸಗಿ ಕಂಪನಿಗಳಲ್ಲಿ ದುಡಿದವರಿಗೆ ಇರುವುದು ಇಪಿಎಸ್-95 ಪಿಂಚಣಿ, ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಇಂಥವರಿಗೆ ನಿವೃತ್ತಿಯ ದಿನ ಕೈಗೆ ಬರುವ ಇಡುಗಂಟೇ ಮುಂದಿನ ಇಪ್ಪತ್ತೈದು ವರ್ಷದ ಸಂಬಳ.

ಮೊದಲು ಅಂಚೆ ಕಚೇರಿಯ ಬಾಗಿಲಿಗೆ

ಅರವತ್ತು ದಾಟಿದವರು ಬೇರೆಲ್ಲ ಕಡೆ ವಿಚಾರಿಸುವ ಮೊದಲು ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ನೋಡಬೇಕು. 2004ರಲ್ಲಿ ಶುರುವಾದ ಇದಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಅಂಚೆ ಕಚೇರಿಯಲ್ಲೂ, ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ನಂಥ ಬ್ಯಾಂಕುಗಳಲ್ಲೂ ಖಾತೆ ತೆರೆಯಬಹುದು. 2025-26ರಲ್ಲಿ ಬಡ್ಡಿ ಶೇ 8.2. ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ 2023ರ ಏಪ್ರಿಲ್‌ನಿಂದ 30 ಲಕ್ಷ. ಅದಕ್ಕೆ ಮೊದಲು 15 ಲಕ್ಷ ಇತ್ತು. ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500. ಗಂಡ ಹೆಂಡತಿ ಇಬ್ಬರಿಗೂ ಅರವತ್ತು ತುಂಬಿದ್ದರೆ ಇಬ್ಬರೂ ತಂತಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಅಷ್ಟಷ್ಟು ಇಡಬಹುದು.

ಐವತ್ತೈದು ದಾಟಿ ನಿವೃತ್ತರಾದವರಿಗೂ, ಸ್ವಯಂ ನಿವೃತ್ತಿ ಪಡೆದವರಿಗೂ ಅವಕಾಶ ಇದೆ. ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು. ಮೊದಲು ಈ ಗಡುವು ಒಂದೇ ತಿಂಗಳಿತ್ತು, 2023ರ ನವೆಂಬರ್‌ನಲ್ಲಿ ಸಡಿಲಿಸಿದರು. ಹಣ ಬಂದು ಮನೆಯಲ್ಲಿ ಚರ್ಚೆ ಮುಗಿಯುವಷ್ಟರಲ್ಲಿ ಗಡುವು ದಾಟಿಸಿಕೊಂಡು ಅರವತ್ತರವರೆಗೆ ಕಾಯಬೇಕಾಗಿ ಬಂದವರನ್ನು ನೋಡಿದ್ದೇನೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಯೋಜನೆಯ ದೊಡ್ಡ ಗುಣ ನೀವು ಸೇರಿದ ದಿನದ ದರ ಐದು ವರ್ಷ ಬದಲಾಗದಿರುವುದು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಿಸುತ್ತದೆ ನಿಜ, ಆದರೆ ಅದು ಹೊಸದಾಗಿ ಸೇರುವವರಿಗೆ. 2020ರ ಮಾರ್ಚ್‌ವರೆಗೆ ದರ ಶೇ 8.6 ಇತ್ತು, ಏಪ್ರಿಲ್ 1ಕ್ಕೆ ಒಮ್ಮೆಗೇ ಶೇ 7.4ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ 15 ಲಕ್ಷ ಇಟ್ಟವರಿಗೆ ವರ್ಷಕ್ಕೆ 1,29,000, ಏಪ್ರಿಲ್‌ನಲ್ಲಿ ಇಟ್ಟವರಿಗೆ 1,11,000. ಕೆಲವೇ ದಿನಗಳ ಅಂತರಕ್ಕೆ ವರ್ಷಕ್ಕೆ 18,000 ರೂಪಾಯಿ, ಅದೂ ಐದು ವರ್ಷ.

ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಆರಂಭದಲ್ಲಿ. ಅದನ್ನು ತೆಗೆಯದೆ ಬಿಟ್ಟರೆ ಆ ಬಡ್ಡಿಗೆ ಬಡ್ಡಿ ಸೇರುವುದಿಲ್ಲ. ಹಾಗಾಗಿ ಖಾತೆ ತೆರೆಯುವ ದಿನವೇ ಉಳಿತಾಯ ಖಾತೆಗೆ ತಾನಾಗಿ ಜಮೆಯಾಗುವಂತೆ ಬರೆದುಕೊಡಿ. ವರ್ಷದೊಳಗೆ ಮುರಿದರೆ ಅಲ್ಲಿಯವರೆಗೆ ಕೊಟ್ಟ ಬಡ್ಡಿಯನ್ನೇ ಹಿಂದಕ್ಕೆ ಪಡೆಯುತ್ತಾರೆ. ಒಂದರಿಂದ ಎರಡು ವರ್ಷದ ನಡುವೆ ಅಸಲಿನ ಶೇ 1.5, ಎರಡು ವರ್ಷದ ನಂತರ ಶೇ 1 ಕಡಿತ. ಅವಧಿ ಮುಗಿದ ಮೇಲೆ ಮೂರು ಮೂರು ವರ್ಷಕ್ಕೆ ಮುಂದುವರಿಸಬಹುದು.

ಇಲ್ಲೊಂದು ಸಣ್ಣ ಜಾಣತನ ಬೇಕು, ಕೌಂಟರಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈ ಖಾತೆಯಿಂದ ಸ್ವಲ್ಪ ಹಣ ಮಾತ್ರ ತೆಗೆಯಲು ಬರುವುದಿಲ್ಲ. ತೆಗೆದರೆ ಇಡೀ ಖಾತೆಯನ್ನೇ ಮುಚ್ಚಬೇಕು. 20 ಲಕ್ಷವನ್ನು ಒಂದೇ ಖಾತೆಯಲ್ಲಿಟ್ಟವರು ಕಣ್ಣಿನ ಆಪರೇಷನ್ನಿಗೆ 1 ಲಕ್ಷ ಬೇಕಾದರೂ ಇಪ್ಪತ್ತನ್ನೂ ಮುರಿಯಬೇಕು. ಅದೇ 5 ಲಕ್ಷದ ನಾಲ್ಕು ಖಾತೆ ಮಾಡಿದ್ದರೆ ಒಂದು ಮುರಿಯುತ್ತದೆ, ಮೂರು ಉಳಿಯುತ್ತವೆ. ಒಟ್ಟು ಮಿತಿ ಮೀರದಿದ್ದರೆ ಎಷ್ಟು ಖಾತೆಯಾದರೂ ಇರಬಹುದು. ಪಾಸ್‌ಬುಕ್ ನಾಲ್ಕಾಗುತ್ತದೆ ಎಂದು ಗುಮಾಸ್ತರು ಬೇಸರಪಟ್ಟರೂ ನೀವು ಬೇಸರಪಡಬೇಡಿ.

ಅಂಚೆ ಕಚೇರಿಯ ಇನ್ನೊಂದು ಹಳೆಯ ಆಸರೆ ಮಾಸಿಕ ಆದಾಯ ಯೋಜನೆ. 1987ರಿಂದ ಇದೆ. ತೊಂಬತ್ತರ ದಶಕದಲ್ಲಿ ಇದಕ್ಕೆ ಶೇ 13 ಬಡ್ಡಿ ಇದ್ದದ್ದನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. 2025-26ರಲ್ಲಿ ಶೇ 7.4. ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದ ತನಕ ಇಡಬಹುದು. 9 ಲಕ್ಷಕ್ಕೆ ತಿಂಗಳಿಗೆ 5,550, 15 ಲಕ್ಷಕ್ಕೆ 9,250 ರೂಪಾಯಿ. ವಯಸ್ಸಿನ ನಿಬಂಧನೆ ಇಲ್ಲದ್ದರಿಂದ ಅರವತ್ತು ತುಂಬದ ಗೃಹಿಣಿಯರಿಗೆ, ಗಂಡನನ್ನು ಕಳೆದುಕೊಂಡು ವಿಮಾ ಹಣ ಬಂದವರಿಗೆ ಇದು ಹೇಳಿ ಮಾಡಿಸಿದ್ದು. ಒಂದು ವರ್ಷದ ತನಕ ಮುರಿಯುವಂತಿಲ್ಲ. ಮೂರು ವರ್ಷದೊಳಗೆ ಮುರಿದರೆ ಶೇ 2, ಆಮೇಲೆ ಐದರೊಳಗೆ ಶೇ 1 ಕಡಿತ. ತಿಂಗಳ ಬಡ್ಡಿ ಸದ್ಯಕ್ಕೆ ಬೇಡದವರು ಅದನ್ನು ಅಂಚೆ ಕಚೇರಿಯದೇ ಆರ್‌ಡಿಗೆ ಹೋಗುವಂತೆ ಮಾಡಿಕೊಳ್ಳಬಹುದು.

ರಿಸರ್ವ್ ಬ್ಯಾಂಕ್ ಹೆಸರಿನ ಬಾಂಡು

ಹಿರಿಯ ನಾಗರಿಕರ ಯೋಜನೆಯ ಮಿತಿ ತುಂಬಿದ ಮೇಲೂ ಹಣ ಉಳಿದವರು 2020ರ ಜುಲೈನಲ್ಲಿ ಬಂದ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ ನೋಡಬಹುದು. ಜನ ಇದನ್ನು ‘ಆರ್‌ಬಿಐ ಬಾಂಡ್’ ಎನ್ನುತ್ತಾರೆ, ಸಾಲ ಪಡೆಯುವುದು ಮಾತ್ರ ಭಾರತ ಸರ್ಕಾರ. ಗರಿಷ್ಠ ಮಿತಿ ಇಲ್ಲ. ಅವಧಿ ಏಳು ವರ್ಷ. ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕೆ ಶೇ 0.35 ಸೇರಿಸಿದ್ದು ಇದರ ಬಡ್ಡಿ. 2025-26ರಲ್ಲಿ ಆ ಪತ್ರದ ದರ ಶೇ 7.7 ಇದ್ದುದರಿಂದ ಬಾಂಡಿಗೆ ಶೇ 8.05. ಆರು ತಿಂಗಳಿಗೊಮ್ಮೆ, ಜನವರಿ 1 ಮತ್ತು ಜುಲೈ 1ಕ್ಕೆ ಬಡ್ಡಿ ಬರುತ್ತದೆ. ಅದೇ ದಿನ ದರವೂ ಹೊಸದಾಗಿ ನಿಗದಿಯಾಗುತ್ತದೆ. ದರ ಏರಿದರೆ ಲಾಭ, ಇಳಿದರೆ ನಿಮ್ಮ ಆದಾಯವೂ ಇಳಿಯುತ್ತದೆ. ಅದನ್ನು ತಿಳಿದೇ ಕೊಳ್ಳಬೇಕು.

ಇದರ ತೊಡಕು ಬಿಡಿಸಿಕೊಳ್ಳುವುದರಲ್ಲಿದೆ. ಅರವತ್ತರೊಳಗಿನವರು ಏಳು ವರ್ಷ ಮುಟ್ಟುವಂತಿಲ್ಲ. ಅರವತ್ತರಿಂದ ಎಪ್ಪತ್ತರೊಳಗಿನವರಿಗೆ ಆರು ವರ್ಷ, ಎಪ್ಪತ್ತರಿಂದ ಎಂಬತ್ತರೊಳಗಿನವರಿಗೆ ಐದು, ಎಂಬತ್ತು ದಾಟಿದವರಿಗೆ ನಾಲ್ಕು ವರ್ಷದ ನಂತರ ದಂಡ ತೆತ್ತು ತೆಗೆಯಬಹುದು. ಇದನ್ನು ಅಡವಿಟ್ಟು ಸಾಲ ಪಡೆಯಲೂ ಬರುವುದಿಲ್ಲ, ಇನ್ನೊಬ್ಬರಿಗೆ ಮಾರಲೂ ಬರುವುದಿಲ್ಲ. ಮಗಳ ಮದುವೆಗೆ, ಮನೆ ರಿಪೇರಿಗೆ ಬೇಕಾಗಬಹುದಾದ ಹಣವನ್ನು ಇದರಲ್ಲಿ ಹಾಕಬೇಡಿ.

ಸ್ವಲ್ಪ ಕಂಪ್ಯೂಟರ್ ಬಳಕೆ ಇರುವವರಿಗೆ 2021ರ ನವೆಂಬರ್‌ನಲ್ಲಿ ಶುರುವಾದ ಆರ್‌ಬಿಐ ರಿಟೇಲ್ ಡೈರೆಕ್ಟ್ ಇನ್ನೊಂದು ಬಾಗಿಲು ತೆರೆದಿದೆ. ಮನೆಯಲ್ಲೇ ಕೂತು ಕೇಂದ್ರ ಸರ್ಕಾರದ ಸಾಲಪತ್ರಗಳನ್ನೂ ರಾಜ್ಯಗಳ ಅಭಿವೃದ್ಧಿ ಸಾಲಪತ್ರಗಳನ್ನೂ 10,000 ರೂಪಾಯಿಯಿಂದ ಕೊಳ್ಳಬಹುದು, ಖಾತೆಗೆ ಶುಲ್ಕ ಇಲ್ಲ. ಕರ್ನಾಟಕ ಸರ್ಕಾರವೂ ಹೀಗೇ ಮಾರುಕಟ್ಟೆಯಲ್ಲಿ ಸಾಲ ಎತ್ತುತ್ತದೆ. ಅಂದರೆ ಹಾಸನದ ನಿವೃತ್ತ ಮೇಷ್ಟರೊಬ್ಬರು ತಮ್ಮದೇ ರಾಜ್ಯಕ್ಕೆ ಸಾಲ ಕೊಟ್ಟು ಆರು ತಿಂಗಳಿಗೊಮ್ಮೆ ಬಡ್ಡಿ ಪಡೆಯಬಹುದು. ಇಲ್ಲಿ ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ದರ ಕಟ್ಟಿಹಾಕಲು ಸಾಧ್ಯ. ಬೇರೆ ಯಾವ ಠೇವಣಿಯೂ ಅಷ್ಟು ದೀರ್ಘ ಕಾಲಕ್ಕೆ ಒಂದೇ ದರದ ಮಾತು ಕೊಡುವುದಿಲ್ಲ. ಕೊನೆಯವರೆಗೆ ಇಟ್ಟುಕೊಂಡರೆ ಅಸಲು ಪೂರ್ತಿ ಬರುತ್ತದೆ. ನಡುವೆ ಮಾರಬೇಕಾಗಿ ಬಂದರೆ ಆ ದಿನದ ಬೆಲೆ. ಶೇ 7ರ ಹತ್ತು ವರ್ಷದ ಪತ್ರ ಕೊಂಡ ಮೇಲೆ ಮಾರುಕಟ್ಟೆಯ ದರ ಶೇ 8ಕ್ಕೆ ಏರಿತು ಎನ್ನಿ, ನಿಮ್ಮ 100 ರೂಪಾಯಿಯ ಪತ್ರಕ್ಕೆ ಸುಮಾರು 93 ರೂಪಾಯಿ ಸಿಗುತ್ತದೆ. ಸರ್ಕಾರದ ಪತ್ರವೂ ಕೆಳಗಿಳಿಯುತ್ತದೆ ಎಂಬುದನ್ನು ಹಲವರು ಮಾರುವ ದಿನವೇ ತಿಳಿಯುವುದು.

ಬ್ಯಾಂಕ್ ಎಫ್‌ಡಿ: ಗೊತ್ತಿದೆ ಎಂದುಕೊಂಡಿರುವುದು

ಎಫ್‌ಡಿ ಬಗ್ಗೆ ಹೇಳಲು ಏನಿದೆ ಎನಿಸಬಹುದು. ಇದೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಶೇ 6.5 ಇದ್ದ ರೆಪೊ ದರವನ್ನು ಇಳಿಸಲು ಶುರು ಮಾಡಿ ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ತಂದಿತು. ಎಫ್‌ಡಿ ದರಗಳೂ ಅದರ ಹಿಂದೆಯೇ ಇಳಿದವು. ಇಂಥ ಏರಿಳಿತ ಹೊಸದಲ್ಲ. 2020-21ರಲ್ಲಿ ದೊಡ್ಡ ಬ್ಯಾಂಕುಗಳ ಐದು ವರ್ಷದ ಎಫ್‌ಡಿಗೆ ಶೇ 5.5ರ ಆಸುಪಾಸು ಮಾತ್ರ ಸಿಗುತ್ತಿತ್ತು. ಎಲ್ಲ ಹಣವನ್ನೂ ಒಂದೇ ದಿನ, ಒಂದೇ ಅವಧಿಗೆ ಇಟ್ಟವರ ಎಫ್‌ಡಿ ಅಂಥ ವರ್ಷವೇ ಮುಗಿದರೆ ಮನೆಯ ಆದಾಯ ಒಂದೇ ದಿನದಲ್ಲಿ ಮೂರನೇ ಒಂದು ಪಾಲು ಕುಸಿಯಬಹುದು. ಅದಕ್ಕೆ ಪರಿಹಾರ ಮೆಟ್ಟಿಲು ಕಟ್ಟುವುದು. 5 ಲಕ್ಷ ಇದ್ದರೆ 1 ಲಕ್ಷ ಒಂದು ವರ್ಷಕ್ಕೆ, 1 ಲಕ್ಷ ಎರಡು ವರ್ಷಕ್ಕೆ, ಹೀಗೆ ಐದರ ತನಕ. ಪ್ರತಿ ವರ್ಷ ಒಂದು ಮುಗಿಯುತ್ತದೆ, ಅದನ್ನು ಮತ್ತೆ ಐದು ವರ್ಷಕ್ಕೆ ಇಡುವುದು. ದರ ಇಳಿದ ವರ್ಷ ಐದರಲ್ಲಿ ಒಂದು ಪಾಲಿಗೆ ಮಾತ್ರ ಪೆಟ್ಟು. ಜೊತೆಗೆ ಪ್ರತಿ ವರ್ಷ 1 ಲಕ್ಷ ಕೈಗೆ ಸಿಗುವ ದಿನ ಒಂದಿರುತ್ತದೆ.

ಜಾಹೀರಾತಿನ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡಿ. ‘ವಾರ್ಷಿಕ ಸರಾಸರಿ ಪ್ರತಿಫಲ ಶೇ 10’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ‘ದರ ಶೇ 7, ಅವಧಿ ಹತ್ತು ವರ್ಷ’ ಎಂದು ಸಣ್ಣದಾಗಿ ಬರೆಯುವುದುಂಟು. ಶೇ 7ರಂತೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತ ಹೋದರೆ 1 ಲಕ್ಷ ಹತ್ತು ವರ್ಷಕ್ಕೆ 2 ಲಕ್ಷವಾಗುತ್ತದೆ. ಹೆಚ್ಚಾದ 1 ಲಕ್ಷವನ್ನು ಹತ್ತರಿಂದ ಭಾಗಿಸಿ ಶೇ 10 ಎನ್ನುತ್ತಾರೆ. ದರ ಶೇ 7ರಲ್ಲೇ ಇದೆ. ತಿಂಗಳು ತಿಂಗಳು ಬಡ್ಡಿ ಪಡೆಯುವವರಿಗೆ ಈ ಚಕ್ರಬಡ್ಡಿ ಯಾವುದೂ ಸಿಗುವುದಿಲ್ಲ. ಮೂರು ತಿಂಗಳ ಬಡ್ಡಿಯನ್ನು ಮೊದಲೇ ಕೊಡುವ ಲೆಕ್ಕದಲ್ಲಿ ತುಸು ಕಡಿಮೆಯೇ ಕೊಡುತ್ತಾರೆ.

ಎಫ್‌ಡಿಗೆ ಇರುವ ವಿಮೆಯನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಕೊಡುವುದು ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿಗೆ 5 ಲಕ್ಷದ ತನಕ. ಅಸಲು ಬಡ್ಡಿ ಎರಡೂ ಸೇರಿ, ಆ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರದೇ ಹೆಸರಿನಲ್ಲಿರುವ ಎಫ್‌ಡಿ, ಉಳಿತಾಯ ಖಾತೆ ಎಲ್ಲವೂ ಸೇರಿ 5 ಲಕ್ಷ. 2020ರ ಫೆಬ್ರುವರಿ 4ರ ತನಕ ಈ ಮಿತಿ 1 ಲಕ್ಷ ಮಾತ್ರ ಇತ್ತು. ಅದಕ್ಕೆ ಕೆಲವೇ ವಾರ ಮೊದಲು, ಆ ಜನವರಿಯಲ್ಲಿ, ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬ ಗ್ರಾಹಕ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತ್ತು. ಜೀವಮಾನದ ಉಳಿತಾಯ ಅಲ್ಲಿಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ನಿಂತಿದ್ದ ದೃಶ್ಯ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. 2021ರಲ್ಲಿ ಕಾನೂನು ತಿದ್ದುಪಡಿಯಾಗಿ, ನಿರ್ಬಂಧ ಬಿದ್ದ 90 ದಿನದೊಳಗೆ ವಿಮಾ ಹಣ ಕೊಡಬೇಕೆಂದಾಯಿತು. ಹಾಗಿದ್ದೂ 5 ಲಕ್ಷದ ಮೇಲಿನದಕ್ಕೆ ಯಾವ ಗಡುವೂ ಇಲ್ಲ.

ಸಹಕಾರಿ ಬ್ಯಾಂಕುಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನಮ್ಮ ಊರುಗಳ ವ್ಯಾಪಾರ, ಬೇಸಾಯ ನಡೆದದ್ದೇ ಅವುಗಳಿಂದ. ಆದರೆ ಸಹಕಾರಿ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ, ಸೌಹಾರ್ದ ಸಹಕಾರಿ ಬೇರೆ. ಬೋರ್ಡಿನ ಬಣ್ಣ, ಕೌಂಟರು, ಪಾಸ್‌ಬುಕ್ಕು, ಲಕ್ಷ್ಮಿಯ ಫೋಟೊ ಎಲ್ಲ ಒಂದೇ ಥರ ಕಾಣುತ್ತವೆ. ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿಯೂ ಠೇವಣಿ ವಿಮೆಯೂ ಇದೆ. ಉಳಿದೆರಡು ರಾಜ್ಯದ ಸಹಕಾರ ಕಾಯ್ದೆಗಳಡಿ ನೋಂದಣಿಯಾದವು. ಸೌಹಾರ್ದಕ್ಕೆ 1997ರ ಪ್ರತ್ಯೇಕ ಕಾಯ್ದೆಯೇ ಇದೆ. ಅಲ್ಲಿಟ್ಟ ಹಣಕ್ಕೆ ಆ 5 ಲಕ್ಷದ ವಿಮೆ ಒಂದು ರೂಪಾಯಿಯೂ ಬರುವುದಿಲ್ಲ. ಚಿಕ್ಕಪ್ಪನ 6 ಲಕ್ಷ ಹೋದದ್ದು ಈ ವ್ಯತ್ಯಾಸ ಗೊತ್ತಿಲ್ಲದೆ. ನಿಮ್ಮ ಊರಿನ ಸಂಸ್ಥೆ ಯಾವ ಗುಂಪಿನದು ಎಂದು ತಿಳಿಯಲು ಠೇವಣಿ ವಿಮಾ ನಿಗಮದ ವೆಬ್‌ಸೈಟಿನಲ್ಲಿ ವಿಮೆಯುಳ್ಳ ಬ್ಯಾಂಕುಗಳ ಪಟ್ಟಿ ಇದೆ. ಮೊಬೈಲ್ ಬಳಸುವ ಮೊಮ್ಮಗಳಿಗೆ ಐದು ನಿಮಿಷದ ಕೆಲಸ.

ಹೆಚ್ಚು ಬಡ್ಡಿಯ ಕಾಗದಗಳು

ಕಂಪನಿ ಠೇವಣಿ, ಡಿಬೆಂಚರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ತಿಂಗಳ ಅಕ್ಕಿ, ಔಷಧಿಗೆ ಬೇಕಾದ ಹಣ ಅಲ್ಲಿಗೆ ಹೋಗಬಾರದು. ರೇಟಿಂಗ್ ನೋಡಿ ಇಡಿ ಎನ್ನುತ್ತಾರೆ. ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಗೆ 2018ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲುವ ಕೆಲವೇ ವಾರಗಳ ಮುಂಚಿನವರೆಗೂ ಟ್ರಿಪಲ್ ಎ ಇತ್ತು. ಮರುವರ್ಷ ಡಿಎಚ್‌ಎಫ್‌ಎಲ್ ಕುಸಿದಾಗ ಅದರಲ್ಲಿ ಠೇವಣಿ ಇಟ್ಟ ಸಾಮಾನ್ಯರಿಗೆ ವರ್ಷಗಟ್ಟಲೆ ಕಾದ ಮೇಲೆ ಸಿಕ್ಕಿದ್ದು ಒಂದು ಸಣ್ಣ ಪಾಲು. ಇನ್ನೂ ನೋವಿನದು 2020ರ ಮಾರ್ಚ್‌ನ ಯೆಸ್ ಬ್ಯಾಂಕ್ ಪ್ರಕರಣ. ಸುಮಾರು 8,400 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು ಸೊನ್ನೆಗೆ ಇಳಿಸಿದರು. ಇವನ್ನು ಎಫ್‌ಡಿಯಷ್ಟೇ ಭದ್ರ ಎಂಬಂತೆ ವಯಸ್ಸಾದವರಿಗೆ ಮಾರಿದ್ದರು ಎಂದು ಸೆಬಿ ಆಮೇಲೆ ದಂಡ ಹಾಕಿತು. ‘ಬಾಂಡ್’ ಎಂಬ ಒಂದೇ ಪದದಡಿ ಸರ್ಕಾರದ ಪತ್ರವೂ ಇರುತ್ತದೆ, ಬ್ಯಾಂಕಿಗೆ ಪೆಟ್ಟಾದರೆ ಮೊದಲು ಸಾಯುವ ಇಂಥ ಪತ್ರವೂ ಇರುತ್ತದೆ. ಈಗ ಮೊಬೈಲಿನಲ್ಲಿ ಶೇ 11, 12ರ ಬಾಂಡುಗಳನ್ನು ತೋರಿಸುವ ಆ್ಯಪ್‌ಗಳು ಬಂದಿವೆ. ಸರ್ಕಾರ ಶೇ 7ಕ್ಕೆ, ದೊಡ್ಡ ಬ್ಯಾಂಕ್ ಅದಕ್ಕಿಂತ ಕಡಿಮೆಗೆ ಸಾಲ ಪಡೆಯಬಲ್ಲವಾದರೆ ಯಾರೋ ಒಬ್ಬರು ಶೇ 12 ಏಕೆ ಕೊಡುತ್ತಾರೆ? ಅಷ್ಟು ಕೊಡದೆ ಅವರಿಗೆ ಸಾಲ ಹುಟ್ಟುತ್ತಿಲ್ಲ ಎಂದೇ ಅಲ್ಲವೇ.

ವಿಮಾ ಕಂಪನಿಗಳ ವರ್ಷಾಶನ, ಅಂದರೆ ಆ್ಯನ್ಯುಟಿ, ಬೇರೆ ಜಾತಿಯದು. ದರ ಹಿರಿಯ ನಾಗರಿಕರ ಯೋಜನೆಗಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಒಮ್ಮೆ ನಿಗದಿಯಾದ ಮೊತ್ತ ಬದುಕಿರುವಷ್ಟು ಕಾಲ ಬರುತ್ತದೆ, ತೊಂಬತ್ತೈದು ಬದುಕಿದರೂ. ಕೊಳ್ಳುವಾಗಿನ ವಯಸ್ಸು ಹೆಚ್ಚಿದ್ದಷ್ಟೂ ದರ ಹೆಚ್ಚು. ಅರವತ್ತಕ್ಕೇ ಅವಸರಪಟ್ಟು ಕೊಳ್ಳುವ ಬದಲು ಎಪ್ಪತ್ತರ ಸುಮಾರಿಗೆ, ಪಾಸ್‌ಬುಕ್ಕುಗಳನ್ನು ಹಿಡಿದು ಓಡಾಡುವ ಶಕ್ತಿ ಕುಂದುವ ಹೊತ್ತಿಗೆ, ಸ್ವಲ್ಪ ಹಣವನ್ನು ಇದಕ್ಕೆ ಹಾಕುವುದು ಒಳ್ಳೆಯದೆಂದು ನನಗನಿಸುತ್ತದೆ. ಸಂಗಾತಿಗೂ ಮುಂದುವರಿಯುವ ಬಗೆಯನ್ನೇ ಆರಿಸಿ.

ಒಂದು ಮನೆಯ ಲೆಕ್ಕ

ಎಲ್ಲವನ್ನೂ ಸೇರಿಸಿ ಒಂದು ಮನೆಗೆ ಹೊಂದಿಸಿ ನೋಡೋಣ. ಗಂಡನಿಗೆ 60, ಹೆಂಡತಿಗೆ 57, ಸ್ವಂತ ಮನೆ, ಒಟ್ಟು 40 ಲಕ್ಷ. ಗಂಡನ ಹೆಸರಿನಲ್ಲಿ ಹಿರಿಯ ನಾಗರಿಕರ ಯೋಜನೆಗೆ 20 ಲಕ್ಷ, ನಾಲ್ಕು ಖಾತೆಯಾಗಿ. ಮೂರು ತಿಂಗಳಿಗೊಮ್ಮೆ 41,000. ಅಂಚೆಯ ಮಾಸಿಕ ಆದಾಯಕ್ಕೆ 9 ಲಕ್ಷ, ತಿಂಗಳಿಗೆ 5,550. ಆರ್‌ಬಿಐ ಬಾಂಡಿಗೆ 5 ಲಕ್ಷ, ಆರು ತಿಂಗಳಿಗೊಮ್ಮೆ 20,125. ಉಳಿದ 6 ಲಕ್ಷ ಎರಡು ಬ್ಯಾಂಕುಗಳಲ್ಲಿ ತಲಾ 3 ಲಕ್ಷದಂತೆ ಎಫ್‌ಡಿ ಮೆಟ್ಟಿಲು, ವಿಮಾ ಮಿತಿಯ ಒಳಗೇ. ಮೊದಲ ಮೂರರಿಂದ ವರ್ಷಕ್ಕೆ 2,70,850, ಅಂದರೆ ತಿಂಗಳಿಗೆ ಸುಮಾರು 22,500. ಎಫ್‌ಡಿಯ ಬಡ್ಡಿಯನ್ನು ಮುಟ್ಟದೆ ಅಲ್ಲೇ ಬೆಳೆಯಲು ಬಿಡುವುದು.

ಯಾಕೆ ಬಿಡಬೇಕು? ಬೆಲೆ ಏರಿಕೆಗಾಗಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಇಂದಿನ 22,500ಕ್ಕೆ ಸಿಗುವ ಸಾಮಾನು ಕೊಳ್ಳಲು 45,000 ಬೇಕು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಬಡ್ಡಿ ಪೂರ್ತಿ ಉಣ್ಣುವವರಿಗೇ ಹೇಳಿದಂತಿದೆ. ನಿಶ್ಚಿತ ಬಡ್ಡಿಯ ಯಾವ ಯೋಜನೆಯೂ ಈ ಕೊರತೆಯನ್ನು ತಾನಾಗಿ ತುಂಬುವುದಿಲ್ಲ. ಮೊದಲ ವರ್ಷಗಳಲ್ಲಿ, ಕೈಕಾಲು ಗಟ್ಟಿಯಿರುವಾಗ, ಬಂದ ಬಡ್ಡಿಯಲ್ಲಿ ಆರನೇ ಒಂದು ಪಾಲನ್ನಾದರೂ ಮತ್ತೆ ಅಸಲಿಗೆ ಸೇರಿಸಬೇಕು. ಮೂರು ತಿಂಗಳಿಗೊಮ್ಮೆ 41,000 ಬಂದ ದಿನ ಅದನ್ನು ಮೂರು ಭಾಗ ಮಾಡಿ, ಎರಡು ಭಾಗವನ್ನು ಕಣ್ಣಿಗೆ ಬೀಳದ ಇನ್ನೊಂದು ಉಳಿತಾಯ ಖಾತೆಗೆ ಹಾಕಿಕೊಳ್ಳುವ ಅಭ್ಯಾಸವೂ ಬೇಕು. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಹಬ್ಬ, ಜೂನ್‌ನಲ್ಲಿ ಕೈಸಾಲ.

ತೆರಿಗೆಯ ಭಯ ಈ ಮನೆಗೆ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದ ತನಕ ತೆರಿಗೆಯೇ ಇಲ್ಲ. 2025-26ರಿಂದ ರಿಯಾಯಿತಿ ಸೇರಿ 12 ಲಕ್ಷದ ತನಕದ ಇಂಥ ಆದಾಯಕ್ಕೂ ಕಟ್ಟುವುದು ಬರುವುದಿಲ್ಲ. ಹಳೆಯ ಪದ್ಧತಿಯಲ್ಲೇ ಉಳಿದ ಹಿರಿಯರಿಗೆ ಠೇವಣಿ ಬಡ್ಡಿಯಲ್ಲಿ 50,000ದ ವಿನಾಯಿತಿ ಇದೆ. ತೊಂದರೆ ಕೊಡುವುದು ಮೂಲದಲ್ಲೇ ಕಡಿತ, ಅಂದರೆ ಟಿಡಿಎಸ್. ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ಅಥವಾ ಅಂಚೆ ಕಚೇರಿಯಿಂದ ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಬಡ್ಡಿ ಬಂದರೆ ಹಿಡಿಯುತ್ತಾರೆ. ಮೇಲಿನ ಮನೆಯಲ್ಲಿ 20 ಲಕ್ಷದ ಬಡ್ಡಿಯೇ 1,64,000. ಬಾಂಡಿಗಾದರೆ 10,000 ದಾಟಿದರೂ ಕಡಿತ. ತೆರಿಗೆ ಬಾರದವರು ಇಷ್ಟು ಕಾಲ 15ಎಚ್ ಎಂದು ಕರೆಯುತ್ತಿದ್ದ ಸ್ವಘೋಷಣೆಯನ್ನು ಪ್ರತಿ ವರ್ಷ ಏಪ್ರಿಲ್ ಮೊದಲ ವಾರವೇ ಕೊಟ್ಟುಬಿಟ್ಟರೆ ಪೂರ್ತಿ ಬಡ್ಡಿ ಬರುತ್ತದೆ. ಹೋದ ವರ್ಷ ಕೊಟ್ಟದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ಪ್ಯಾನ್ ಜೋಡಿಸದಿದ್ದರೆ ಕಡಿತ ಶೇ 20.

ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಅನಿವಾಸಿ ಭಾರತೀಯರು ಹಿರಿಯ ನಾಗರಿಕರ ಯೋಜನೆ, ಮಾಸಿಕ ಆದಾಯ ಯೋಜನೆ, ಈ ಆರ್‌ಬಿಐ ಬಾಂಡು ಯಾವುದನ್ನೂ ತಮ್ಮ ಹೆಸರಿನಲ್ಲಿ ಕೊಳ್ಳುವಂತಿಲ್ಲ. ನ್ಯೂಜೆರ್ಸಿಯ ಮಗ, ದುಬೈನ ಮಗಳು ತಂದೆ ತಾಯಿಗೆ ಹಣ ಕೊಟ್ಟು ಅವರ ಹೆಸರಿನಲ್ಲೇ ಇಡಿಸಬಹುದು. ಮಕ್ಕಳು ಕೊಟ್ಟ ಹಣಕ್ಕೆ ಇಲ್ಲಿ ತಂದೆ ತಾಯಿ ತೆರಿಗೆ ಕೊಡಬೇಕಿಲ್ಲ; ಅದರ ಬಡ್ಡಿಯನ್ನು ತಂದೆ ತಾಯಿಯ ಆದಾಯವೆಂದೇ ಲೆಕ್ಕ ಹಿಡಿಯುತ್ತಾರೆ.

ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮುಂದಿಟ್ಟರು. ಎಫ್‌ಡಿ ರಸೀದಿ ಏಳು. ಮೂರರಲ್ಲಿ ನಾಮಿನಿ ಹೆಸರಿರಲಿಲ್ಲ, ಒಂದರಲ್ಲಿ ತೀರಿಹೋದ ಅಜ್ಜಿಯ ಹೆಸರಿತ್ತು. ಆ ಮೂರನ್ನು ಬಿಡಿಸಲು ವಂಶವೃಕ್ಷ, ನೋಟರಿ, ಜಾಮೀನುದಾರರು ಎಂದು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಅವರ ಮನೆ ನಡೆದದ್ದು ನೆಂಟರ ಸಹಾಯದಿಂದ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಹೆಸರಿಸಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಹಣ ಪಡೆಯುವ ಹಕ್ಕು ನಾಮಿನಿಯದು, ಆದರೆ ಅದರ ಒಡೆತನ ವಾರಸುದಾರರದು. ಹಾಗಾಗಿ ಉಯಿಲೂ ಇರಲಿ. ಹಿರಿಯ ನಾಗರಿಕರ ಯೋಜನೆಯಲ್ಲಿ ಸಂಗಾತಿ ಜಂಟಿ ಖಾತೆದಾರರಾಗಿದ್ದರೆ ಅಥವಾ ಒಬ್ಬರೇ ನಾಮಿನಿಯಾಗಿದ್ದರೆ, ಯೋಜನೆಗೆ ತಾವೂ ಅರ್ಹರಾಗಿದ್ದಲ್ಲಿ, ಅದೇ ದರದಲ್ಲಿ ಖಾತೆಯನ್ನು ಮುಂದುವರಿಸಿಕೊಳ್ಳಬಹುದು. ಜಂಟಿ ಎಫ್‌ಡಿಯಾದರೆ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂದು ಬರೆಸಿ, ಅವಧಿಗೆ ಮೊದಲು ಉಳಿದವರೊಬ್ಬರೇ ಬಿಡಿಸಿಕೊಳ್ಳುವ ಅಧಿಕಾರವನ್ನೂ ಆಗಲೇ ಸಹಿ ಮಾಡಿ ಕೊಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು.

ಈಗ ಚಿಕ್ಕಮ್ಮನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು, ಪ್ರತಿ ತಿಂಗಳ ಮುಂದೆ ಯಾವ ಕಚೇರಿಯಿಂದ ಎಷ್ಟು ಬರಬೇಕು, ಯಾವುದು ಮುಗಿಯುತ್ತದೆ ಎಂದು ಗುರುತು ಹಾಕಿದ್ದಾರೆ. ಏಪ್ರಿಲ್ ಮುಂದೆ ಕೆಂಪು ಶಾಯಿಯಲ್ಲಿ ‘ಫಾರಂ ಕೊಡಬೇಕು’ ಎಂದಿದೆ. ಬಂದ ದಿನ ಟಿಕ್ ಹಾಕುತ್ತಾರೆ. ಹೋದ ಜುಲೈನಲ್ಲಿ ಎರಡು ದಿನ ತಡವಾದದ್ದಕ್ಕೆ ತಾವೇ ಛತ್ರಿ ಹಿಡಿದು ಅಂಚೆ ಕಚೇರಿಗೆ ಹೋಗಿ ಕೇಳಿ ಬಂದರು.